ಸಂಪಾದಕರ ಉತ್ತರ: ರಾಬರ್ಟ್ ಗ್ರಿಮ್ ಪತ್ರಿಕೆಯನ್ನು ಏಣಿ ಮಾಡಿಕೊಂಡರೇ?

ಮಾನ್ಯರೇ,

ಸ್ವಿಟ್ಜರ್‌ಲೆಂಡಿನ ಪತ್ರಕರ್ತ ಹಾಗೂ ರಾಜಕಾರಣಿ ರಾಬರ್ಟ್ ಗ್ರಿಮ್ ಅವರನ್ನು ಕುರಿತು ಕಳೆದ ಸಂಚಿಕೆಯಲ್ಲಿ ಬಂದ ಲೇಖನಕ್ಕೆ ಆಕ್ಷೇಪಿಸಿ ತಾವು ಬರೆದ ಪತ್ರ ತಲುಪಿದೆ. ಪತ್ರಕರ್ತನಾದವನು ಅಧಿಕಾರದಿಂದ ದೂರ ಉಳಿಯಬೇಕು. ಗ್ರಿಮ್ ಪತ್ರಿಕೆಯನ್ನೇ ಏಣಿ ಮಾಡಿಕೊಂಡು ಮೇಲೇರಿ, ಕೊನೆಗೆ ರೈಲ್ವೆ ಕಂಪನಿಯ ನಿರ್ದೇಶಕರಾದವರು. ಅಂಥವರನ್ನು ಮೆಚ್ಚಿ ಬರೆದದ್ದು ಸರಿಯಲ್ಲ ಎಂಬುದು ತಮ್ಮ ವಾದ. ಪತ್ರದ ಕೊನೆಯಲ್ಲಿ, ಆ ದೇಶದ ಕೇಂದ್ರ ಸರ್ಕಾರದವರೆಗೆ ಹೋದ ಪತ್ರಕರ್ತರು ಯಾರಾದರೂ ಇದ್ದಾರೆಯೇ ಎಂದೂ ಕೇಳಿದ್ದೀರಿ.

ಮೊದಲಿಗೆ, ಏಣಿಯ ಮಾತು. ಗ್ರಿಮ್ 1881ರಲ್ಲಿ ಜ್ಯೂರಿಕ್ ಪ್ರಾಂತ್ಯದ ವಾಲ್ಡ್ ಎಂಬ ಊರಿನಲ್ಲಿ ಕಾರ್ಮಿಕ ಕುಟುಂಬವೊಂದರಲ್ಲಿ ಹುಟ್ಟಿದವರು. ಹದಿಹರೆಯದಲ್ಲಿಯೇ ಅಚ್ಚುಕೂಟ ಸೇರಿ ಮುದ್ರಣದ ಕಸುಬು ಕಲಿತರು, ಆ ಕಸುಬನ್ನೇ ನಂಬಿ ಊರೂರು ಸುತ್ತಿದರು, ಆಮೇಲೆ ಬಾಸೆಲ್ ನಗರದಲ್ಲಿ ಕಾರ್ಮಿಕ ಸಂಘಟನೆಯ ಕಾರ್ಯದರ್ಶಿಯಾದರು. 1909ರಲ್ಲಿ 'ಬರ್ನರ್ ಟಾಗ್‌ವಾಖ್ಟ್' ದಿನಪತ್ರಿಕೆಯ ಪ್ರಧಾನ ಸಂಪಾದಕತ್ವ ವಹಿಸಿಕೊಂಡಾಗ ಅವರು ಆಗಲೇ ರಾಜಕೀಯದಲ್ಲಿದ್ದವರು. ಅದು ಸೋಷಿಯಲ್ ಡೆಮಾಕ್ರಟಿಕ್ ಪಕ್ಷದ ಪತ್ರಿಕೆ. ಆ ಕಾಲದ ಸ್ವಿಟ್ಜರ್‌ಲೆಂಡಿನಲ್ಲಿ ಪತ್ರಿಕೆಗಳು ಯಾವುದಾದರೊಂದು ಪಕ್ಷದ ಅಥವಾ ಪಂಥದ ಪರ ನಿಲ್ಲುವುದು ಸಾಮಾನ್ಯವಾಗಿತ್ತು. ಅದನ್ನು ಯಾರೂ ಮುಚ್ಚಿಡುತ್ತಿರಲಿಲ್ಲ, ಓದುಗರೂ ಅದನ್ನು ತಿಳಿದೇ ಪತ್ರಿಕೆ ಕೊಳ್ಳುತ್ತಿದ್ದರು. 1911ರಲ್ಲಿ ಗ್ರಿಮ್ ಸಂಸತ್ತಿನ ಕೆಳಮನೆಯಾದ ನ್ಯಾಷನಲ್ ಕೌನ್ಸಿಲ್‌ಗೆ ಆಯ್ಕೆಯಾದಾಗ ಸಂಪಾದಕರ ಕುರ್ಚಿಯನ್ನು ಬಿಡಲಿಲ್ಲ, ಬಿಡಬೇಕೆಂದು ಅವರ ಓದುಗರು ಬಯಸಲೂ ಇಲ್ಲ. ಇಂದಿನ ನಮ್ಮ ಅಳತೆಗೋಲನ್ನು ಹಿಡಿದು ಅವರನ್ನು ಅಳೆಯುವುದು ನ್ಯಾಯವಲ್ಲ.

ಮೊದಲ ಮಹಾಯುದ್ಧ ಆರಂಭವಾಗಿ ಯುರೋಪಿನ ಹೆಚ್ಚಿನ ಸಮಾಜವಾದಿ ಪಕ್ಷಗಳು ತಂತಮ್ಮ ಸರ್ಕಾರಗಳ ಬೆನ್ನಿಗೆ ನಿಂತಾಗ, ಯುದ್ಧವನ್ನು ವಿರೋಧಿಸುವವರ ದನಿಗೆ ಜಾಗ ಕೊಟ್ಟ ಕೆಲವೇ ಪತ್ರಿಕೆಗಳಲ್ಲಿ ಗ್ರಿಮ್ ಅವರದೂ ಒಂದು. 1915ರ ಸೆಪ್ಟೆಂಬರ್‌ನಲ್ಲಿ ಅವರು ಬರ್ನ್ ಸಮೀಪದ ಗುಡ್ಡದ ಹಳ್ಳಿ ಸಿಮ್ಮರ್‌ವಾಲ್ಡ್‌ನಲ್ಲಿ ಅಂಥವರ ಸಮಾವೇಶವನ್ನು ಕರೆದರು. ಪಕ್ಷಿಗಳ ಅಧ್ಯಯನಕ್ಕೆ ಬರುವ ಸಂಘದವರೆಂದು ಹೇಳಿ ವಸತಿಗೃಹದ ಕೋಣೆಗಳನ್ನು ಗೊತ್ತುಮಾಡಿದ್ದರು. ಬಂದವರು 38 ಮಂದಿ. ಅವರಲ್ಲಿ ಲೆನಿನ್ ಮತ್ತು ಟ್ರಾಟ್‌ಸ್ಕಿ ಕೂಡ ಇದ್ದರು. ಬರ್ನ್‌ನಿಂದ ಗುಡ್ಡ ಹತ್ತಲು ಎಲ್ಲರಿಗೂ ಸೇರಿ ನಾಲ್ಕು ಕುದುರೆಗಾಡಿಗಳು ಸಾಕಾದವೆಂದು ಟ್ರಾಟ್‌ಸ್ಕಿ ಮುಂದೆ ನೆನಪಿಸಿಕೊಂಡಿದ್ದಾರೆ. ಯುದ್ಧವನ್ನು ಅಂತರ್ಯುದ್ಧವಾಗಿ ತಿರುಗಿಸಬೇಕೆಂಬ ಲೆನಿನ್ನರ ಪಟ್ಟನ್ನು ಗ್ರಿಮ್ ಒಪ್ಪಲಿಲ್ಲ. ಅವರಿಗೆ ಮೊದಲು ಬೇಕಾಗಿದ್ದುದು ಶಾಂತಿ.

ಇನ್ನು, ತಾವು ಎತ್ತದೆ ಬಿಟ್ಟ ಒಂದು ಆಕ್ಷೇಪವನ್ನು ನಾನೇ ಎತ್ತುತ್ತೇನೆ, ಏಕೆಂದರೆ ನನ್ನ ದೃಷ್ಟಿಯಲ್ಲಿ ಗ್ರಿಮ್ ಅವರ ನಿಜವಾದ ತಪ್ಪು ಇರುವುದು ಅಲ್ಲಿ. 1917ರಲ್ಲಿ ರಷ್ಯಾದ ಆಗಿನ ರಾಜಧಾನಿ ಪೆಟ್ರೊಗ್ರಾಡ್‌ಗೆ ಹೋದ ಅವರು, ರಷ್ಯಾ ಮತ್ತು ಜರ್ಮನಿಗಳ ನಡುವೆ ಶಾಂತಿ ಸಾಧ್ಯವೇ, ಅದಕ್ಕೆ ಜರ್ಮನಿಯ ಷರತ್ತುಗಳೇನು ಎಂದು ತಿಳಿಯಲು ಸ್ವಿಸ್ ರಾಯಭಾರ ಕಚೇರಿಯ ಮೂಲಕ ವಿದೇಶಾಂಗ ಮಂತ್ರಿ ಆರ್ಥರ್ ಹಾಫ್‌ಮನ್ ಅವರಿಗೆ ಗುಟ್ಟಾಗಿ ತಂತಿ ಕಳುಹಿಸಿದರು. ಹಾಫ್‌ಮನ್ ಕೊಟ್ಟ ಉತ್ತರ ಬಯಲಾಗಿ ಪತ್ರಿಕೆಗಳಲ್ಲಿ ಅಚ್ಚಾಯಿತು. ತಟಸ್ಥ ದೇಶದ ಮಂತ್ರಿ ಯುದ್ಧದಲ್ಲಿದ್ದ ಒಂದು ಬಣಕ್ಕೆ ನೆರವಾದರೆಂಬ ಕೂಗೆದ್ದು ಹಾಫ್‌ಮನ್ ರಾಜೀನಾಮೆ ಕೊಡಬೇಕಾಯಿತು, ಗ್ರಿಮ್ ರಷ್ಯಾದಿಂದ ಹೊರದೂಡಲ್ಪಟ್ಟರು. ಉದ್ದೇಶ ಶಾಂತಿಯೇ ಆಗಿದ್ದಿರಬಹುದು. ಆದರೆ ಸರ್ಕಾರಗಳ ಗುಟ್ಟಿನ ರಾಜತಂತ್ರವನ್ನು ವಿರೋಧಿಸುತ್ತ ಬಂದ ಬಳಗದ ಮುಂದಾಳು ತಾವೇ ಅದೇ ಗುಟ್ಟಿನ ದಾರಿ ಹಿಡಿದರು. ಬೇರೆ ಯಾರಾದರೂ ಹೀಗೆ ಮಾಡಿದ್ದರೆ ಗ್ರಿಮ್ ಅವರ ಪತ್ರಿಕೆಯೇ ಮೊದಲು ಸುಮ್ಮನಿರುತ್ತಿರಲಿಲ್ಲ. ಅವರು ಪತ್ರಕರ್ತ ಧರ್ಮಕ್ಕೆ ದ್ರೋಹವೆಸಗಿದ್ದರೆ ಅದು ಈ ತಂತಿಯಲ್ಲಿ. ಚುನಾವಣೆಗೆ ನಿಂತದ್ದರಲ್ಲಿ ಅಲ್ಲ.

1918ರ ನವೆಂಬರ್‌ನ ಸಾರ್ವತ್ರಿಕ ಮುಷ್ಕರದಲ್ಲಿ ಅವರು ನಡೆದುಕೊಂಡ ರೀತಿ ಇದಕ್ಕೆ ತೀರ ಬೇರೆ. ಮುಷ್ಕರಕ್ಕೆ ಕರೆ ಕೊಟ್ಟ, ಅವರ ನೇತೃತ್ವದ ಓಲ್ಟನ್ ಸಮಿತಿ ತನ್ನ ಒಂಬತ್ತು ಬೇಡಿಕೆಗಳನ್ನು ಬಹಿರಂಗವಾಗಿ ದೇಶದ ಮುಂದಿಟ್ಟಿತು: ಅನುಪಾತ ಪ್ರಾತಿನಿಧ್ಯದ (ಪಕ್ಷಗಳಿಗೆ ಬಿದ್ದ ಮತಗಳ ಪ್ರಮಾಣದಲ್ಲಿ ಸ್ಥಾನ ಹಂಚುವ ಪದ್ಧತಿ) ಪ್ರಕಾರ ಕೂಡಲೇ ಚುನಾವಣೆ, ಮಹಿಳೆಯರಿಗೆ ಮತದಾನದ ಹಕ್ಕು, ವಾರಕ್ಕೆ 48 ಗಂಟೆಗಳ ದುಡಿಮೆ, ವೃದ್ಧಾಪ್ಯ ಮತ್ತು ಅಂಗವಿಕಲರ ವಿಮೆ ಅವುಗಳಲ್ಲಿ ಮುಖ್ಯವಾದವು. ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಕೆಲಸ ನಿಲ್ಲಿಸಿದರು. ಸರ್ಕಾರ ಸೈನ್ಯವನ್ನು ಇಳಿಸಿತು, ಗ್ರೆಂಚನ್ ಪಟ್ಟಣದಲ್ಲಿ ಮೂವರು ಗುಂಡಿಗೆ ಬಲಿಯಾದರು, ಸಮಿತಿ ಮೂರೇ ದಿನಗಳಲ್ಲಿ ಮುಷ್ಕರವನ್ನು ಹಿಂತೆಗೆದುಕೊಂಡಿತು. ಸೇನಾ ನ್ಯಾಯಾಲಯ ಗ್ರಿಮ್ ಅವರಿಗೆ ಆರು ತಿಂಗಳ ಸೆರೆವಾಸ ವಿಧಿಸಿತು. ಬ್ಲಾಂಕನ್‌ಬುರ್ಗ್ ಕೋಟೆಯ ಸೆರೆಯಲ್ಲಿ ಅವರು ಕೈಕಟ್ಟಿ ಕೂರದೆ, ವರ್ಗಸಂಘರ್ಷದ ದೃಷ್ಟಿಯಿಂದ ತಮ್ಮ ದೇಶದ ಚರಿತ್ರೆಯನ್ನು ಬರೆದರು. ಏಣಿ ಹತ್ತುವವನು ಹಿಡಿಯುವ ದಾರಿ ಇದಲ್ಲವೆಂದು ತಾವೂ ಒಪ್ಪುವಿರೆಂದು ನಂಬಿದ್ದೇನೆ. ಮುಂದೆ 1926ರಲ್ಲಿ ಕೆಳಮನೆಯ ಅಧ್ಯಕ್ಷ ಪದವಿಗೆ ಅವರ ಸರದಿ ಬಂದಾಗ ಎದುರು ಪಕ್ಷಗಳ ಬಹುಮತ ಅದನ್ನು ತಪ್ಪಿಸಿತು. ಆ ಪೀಠ ಅವರಿಗೆ ದಕ್ಕಿದ್ದು 1946ರಲ್ಲಿ.

ರೈಲ್ವೆ ಹುದ್ದೆಯ ಬಗ್ಗೆ ತಮಗಿರುವ ಅಸಮಾಧಾನ ಅರ್ಥವಾಗುತ್ತದೆ. ಆದರೆ ಅದು ಇದ್ದಕ್ಕಿದ್ದಂತೆ ಒಲಿದು ಬಂದ ಕುರ್ಚಿಯಲ್ಲ. 1918ರಲ್ಲಿ ಸಂಪಾದಕತ್ವ ಬಿಟ್ಟ ಮೇಲೆ ಅವರು ಬರ್ನ್ ನಗರದ ಆಡಳಿತ ಮಂಡಳಿಯಲ್ಲಿ ಇಪ್ಪತ್ತು ವರ್ಷ ದುಡಿದರು, 1938ರಿಂದ ಬರ್ನ್ ಪ್ರಾಂತ್ಯದ ಮಂತ್ರಿಯಾದರು, ಎರಡನೆಯ ಮಹಾಯುದ್ಧದ ಕಾಲದಲ್ಲಿ ಇಡೀ ದೇಶದ ಇಂಧನ ಮತ್ತು ವಿದ್ಯುತ್ ಹಂಚಿಕೆಯ ಹೊಣೆ ಹೊತ್ತರು. ಕಲ್ಲಿದ್ದಲಿಗೆ ಹೊರದೇಶಗಳನ್ನೇ ನಂಬಿದ ನಾಡಿನಲ್ಲಿ ಯಾರ ಮನೆಯ ಒಲೆಗೆ, ಯಾವ ಕಾರ್ಖಾನೆಗೆ ಎಷ್ಟು ಎಂದು ನಿರ್ಧರಿಸುವುದು ಜನರನ್ನು ಮೆಚ್ಚಿಸುವ ಕೆಲಸವಾಗಿರಲಿಲ್ಲ. ಇದರ ನಂತರವೇ ಅವರು 1946ರಲ್ಲಿ ಬರ್ನ್-ಲೋಚ್‌ಬರ್ಗ್-ಸಿಂಪ್ಲಾನ್ ರೈಲ್ವೆಯ ನಿರ್ದೇಶಕರಾದದ್ದು. ಮುಷ್ಕರದ ಬೇಡಿಕೆಗಳಲ್ಲಿ ಒಂದಾಗಿದ್ದ ವೃದ್ಧಾಪ್ಯ ವಿಮೆ 1948ರಲ್ಲಿ ಜಾರಿಗೆ ಬಂದುದನ್ನು ಅವರು ಕಂಡರು. ಮಹಿಳೆಯರಿಗೆ ರಾಷ್ಟ್ರಮಟ್ಟದ ಮತದಾನದ ಹಕ್ಕು ಸಿಕ್ಕಿದ್ದು 1971ರಲ್ಲಿ, ಅವರು ತೀರಿಕೊಂಡು ಹದಿಮೂರು ವರ್ಷಗಳಾದ ಮೇಲೆ.

ತಮ್ಮ ಕೊನೆಯ ಪ್ರಶ್ನೆಗೆ ಉತ್ತರ: ಇದ್ದಾರೆ. ಜ್ಯೂರಿಕ್‌ನ 'ಫೋಕ್ಸ್‌ರೆಖ್ಟ್' ಪತ್ರಿಕೆಯ ಸಂಪಾದಕರಾಗಿದ್ದ ಎರ್ನ್‌ಸ್ಟ್ ನೋಬ್ಸ್ ಅದೇ ಮುಷ್ಕರಕ್ಕಾಗಿ ಶಿಕ್ಷೆ ಅನುಭವಿಸಿದವರು. 1943ರ ಡಿಸೆಂಬರ್‌ನಲ್ಲಿ ಅವರು ದೇಶದ ಕೇಂದ್ರ ಮಂತ್ರಿಮಂಡಳಿಯಾದ ಫೆಡರಲ್ ಕೌನ್ಸಿಲ್‌ಗೆ ಆಯ್ಕೆಯಾದ ಮೊದಲ ಸಮಾಜವಾದಿಯಾದರು. ಅವರಿಗಿಂತ ಬಹಳ ಹಿಂದೆ, ಕೆತ್ತನೆಯ ಕಸುಬು ಕಲಿತು, ಶಿಕ್ಷಕರಾಗಿ, ಆಮೇಲೆ 'ನಾಸಿಯೊನಾಲ್ ಸ್ವಿಸ್' ಪತ್ರಿಕೆಯ ಸಂಪಾದಕರಾದ ನ್ಯೂಮಾ ದ್ರೋ 1875ರಲ್ಲಿ ತಮ್ಮ 31ನೆಯ ವಯಸ್ಸಿಗೇ ಆ ಮಂಡಳಿಗೆ ಆಯ್ಕೆಯಾಗಿದ್ದರು. ಅಷ್ಟು ಚಿಕ್ಕ ವಯಸ್ಸಿನಲ್ಲಿ ಅಲ್ಲಿಗೆ ಬಂದವರು ಇನ್ನೊಬ್ಬರಿಲ್ಲ.

— ಸಂಪಾದಕ