ಅತಿ ಕಡಿಮೆ ದರದ ಟೆಂಡರ್: ಕಡಿತ ಬೀಳುವುದೆಲ್ಲಿ?

ಪ್ರಶ್ನೆ: ನಮ್ಮ ಸಂಘದ ಕಟ್ಟಡಕ್ಕೆ ಐದು ಟೆಂಡರ್ ಬಂದಿವೆ. ಒಬ್ಬರ ದರ ಅಂದಾಜಿಗಿಂತ ಶೇ 24ರಷ್ಟು ಕಡಿಮೆ. ಉಳಿದ ನಾಲ್ವರು ಅಂದಾಜಿನ ಆಸುಪಾಸಿನಲ್ಲೇ ಇದ್ದಾರೆ. ಕಡಿಮೆಯವರಿಗೇ ಕೊಡಿ ಎಂದು ಸದಸ್ಯರ ಒತ್ತಾಯ. ಗುಣಮಟ್ಟ ನಿಜಕ್ಕೂ ಕೆಡುತ್ತದೆಯೇ?

ಉತ್ತರ: ಪೈಪೋಟಿ ಇದ್ದಮಾತ್ರಕ್ಕೆ ಕೆಲಸ ಕೆಡುವುದಿಲ್ಲ. ಸ್ವಂತ ಸೆಂಟ್ರಿಂಗ್ ಸಾಮಾನು, ಪಳಗಿದ ಕೆಲಸಗಾರರು ಇರುವವರು ಒಂದಿಷ್ಟು ಅಗ್ಗಕ್ಕೆ ಮಾಡಬಲ್ಲರು. ಆದರೆ ಸಿಮೆಂಟು, ಕಬ್ಬಿಣದ ಬೆಲೆ ಐವರಿಗೂ ಹೆಚ್ಚುಕಡಿಮೆ ಒಂದೇ. ಒಬ್ಬರೇ ಅಷ್ಟು ಕೆಳಗಿಳಿದಿದ್ದರೆ, ಯಾವುದೋ ಐಟಂ ಅವರ ಲೆಕ್ಕದಿಂದ ಬಿಟ್ಟುಹೋಗಿರಬಹುದು. ಇಲ್ಲವೇ ಮುಂದೆ 'ಹೆಚ್ಚುವರಿ ಕೆಲಸ'ದ ಬಿಲ್ಲಿನಲ್ಲಿ ತುಂಬಿಸಿಕೊಳ್ಳುವ ಎಣಿಕೆ ಇರಬಹುದು. ನಕ್ಷೆ ಅರೆಬರೆ ಇಟ್ಟುಕೊಂಡು ಟೆಂಡರ್ ಕರೆದಿದ್ದರೆ ಆ ದಾರಿ ತೆರೆದವರು ನೀವೇ.

ಕಡಿತ ಬೀಳುವುದು ಆಮೇಲೆ ಕಣ್ಣಿಗೆ ಕಾಣದ ಕಡೆ. ಕಂಬಿಗಳನ್ನು ಎಣಿಸಬಹುದು, ಕ್ಯೂರಿಂಗ್ ಎಣಿಸುವವರು ಯಾರು? ಕನಿಷ್ಠ 7 ದಿನ ಒದ್ದೆಯಾಗಿರಬೇಕಾದ ಸ್ಲ್ಯಾಬು ಮೂರನೇ ದಿನಕ್ಕೇ ಒಣಗಿರುತ್ತದೆ. ಕಾಂಕ್ರೀಟನ್ನು ಅದುರಿಸಿ ಗಟ್ಟಿಯಾಗಿ ಕೂರಿಸುವ ವೈಬ್ರೇಟರ್ ಸರಿಯಾಗಿ ಹಿಡಿಯದೆ ಕಾಂಕ್ರೀಟಿನಲ್ಲಿ ಶೇ 5ರಷ್ಟು ಗಾಳಿ ಉಳಿದರೂ ಬಲ ಶೇ 30ರವರೆಗೆ ಇಳಿಯಬಹುದು. ಎಲ್ಲಕ್ಕಿಂತ ಸುಲಭದ ಉಳಿತಾಯವೆಂದರೆ ನೀರು ಹೆಚ್ಚು ಸುರಿಯುವುದು. 50 ಕೆ.ಜಿ. ಸಿಮೆಂಟಿಗೆ 22–23 ಲೀಟರ್ ಸಾಕಾಗುವಲ್ಲಿ ಇನ್ನೈದು ಲೀಟರ್ ಸುರಿದರೆ ಕಾಂಕ್ರೀಟು ತಾನಾಗಿ ಹರಿಯುತ್ತದೆ, ಕೂಲಿ ಉಳಿಯುತ್ತದೆ. ಬಲ ಮಾತ್ರ ಸುಮಾರು ಐದನೇ ಒಂದು ಪಾಲು ಕುಸಿಯುತ್ತದೆ. ಆ ನೀರು ಸೇರುವ ಮೊದಲೇ ಕ್ಯೂಬ್ (ಬಲ ಪರೀಕ್ಷೆಗೆಂದು ಅಚ್ಚಿನಲ್ಲಿ ತುಂಬಿಡುವ ಕಾಂಕ್ರೀಟಿನ ಮಾದರಿ) ತುಂಬಿಟ್ಟರೆ 28ನೇ ದಿನದ ಪರೀಕ್ಷೆಯೂ ಪಾಸು! ಆದ್ದರಿಂದ ಕ್ಯೂಬಿನ ಮಾದರಿಯನ್ನು ಕಾಂಕ್ರೀಟು ಹಾಕುವ ಜಾಗದಲ್ಲೇ, ನಿಮ್ಮ ಎಂಜಿನಿಯರ್ ಎದುರಿಗೇ ತೆಗೆಸಿ.

ಒಪ್ಪಿಗೆಗೆ ಮುಂಚೆ, ಮೊತ್ತದಲ್ಲಿ ದೊಡ್ಡದಾದ ಹತ್ತು ಐಟಂಗಳಿಗೆ ಅವರಿಂದ ದರ ವಿಶ್ಲೇಷಣೆ ಬರೆಸಿಕೊಳ್ಳಿ: ಸಾಮಗ್ರಿ ಎಷ್ಟು, ಕೂಲಿ ಎಷ್ಟು, ಯಂತ್ರಕ್ಕೆಷ್ಟು. ಒಂದು ಘನ ಮೀಟರ್ ಕಾಂಕ್ರೀಟಿನ ದರ ಅದರ ಸಾಮಗ್ರಿಯ ಬೆಲೆಗಿಂತಲೂ ಕಡಿಮೆಯಿದ್ದರೆ ಮಾತು ಅಲ್ಲಿಗೇ ಮುಗಿಯಿತು. ಅಗೆತ, ಪಾಯದ ದರ ವಿಪರೀತ ಹೆಚ್ಚಿದ್ದು ಪ್ಲಾಸ್ಟರ್, ಬಣ್ಣದ್ದು ತೀರಾ ಕಡಿಮೆಯಿದ್ದರೂ ಎಚ್ಚರ: ಲಾಭವೆಲ್ಲ ಮೊದಲ ಬಿಲ್ಲುಗಳಲ್ಲೇ ಕೈಸೇರಿದ ಮೇಲೆ ಕೊನೆಯ ಕೆಲಸಕ್ಕೆ ಜನ ಬರುವುದಿಲ್ಲ.

ಪ್ರಶ್ನೆ: ಹಾಗಿದ್ದರೆ ಎರಡನೇ ಕಡಿಮೆ ದರದವರಿಗೆ ಕೊಡಬಹುದೇ?

ಉತ್ತರ: ಅಸಹಜ ದರವನ್ನು ತಿರಸ್ಕರಿಸುವ ಹಕ್ಕು ಟೆಂಡರ್ ಷರತ್ತಿನಲ್ಲಿದ್ದರೆ, ವಿವರಣೆ ಕೇಳಿ, ಕಾರಣವನ್ನು ಬರಹದಲ್ಲಿ ದಾಖಲಿಸಿ ಕೊಡಬಹುದು. ಕಡಿಮೆಯವರನ್ನೇ ಒಪ್ಪುವುದಾದರೆ ಹೆಚ್ಚುವರಿ ಬ್ಯಾಂಕ್ ಗ್ಯಾರಂಟಿ ಪಡೆಯಿರಿ. ಪ್ರತಿ ಬಿಲ್ಲಿನಲ್ಲೂ ಒಂದು ಪಾಲು ಹಿಡಿದಿಟ್ಟು, ದೋಷ ಹೊಣೆಗಾರಿಕೆ ಅವಧಿ (ಕೆಲಸ ಮುಗಿದ ಮೇಲೂ ದೋಷಗಳನ್ನು ಗುತ್ತಿಗೆದಾರರೇ ಸರಿಪಡಿಸಬೇಕಾದ ಕಾಲ) ಮುಗಿದ ಮೇಲಷ್ಟೇ ಬಿಡುಗಡೆ ಮಾಡಿ.