ಓದುಗರ ಪ್ರಶ್ನೆ: ಪೀಚ್ ಕಾಬ್ಲರ್ ಹಿಟ್ಟು ತಳದಲ್ಲೇ ಕೂತುಬಿಟ್ಟಿತು

ಪ್ರಶ್ನೆ: ಕಳೆದ ಜೂನ್‌ನಲ್ಲಿ ಅಮೆರಿಕದ ಜಾರ್ಜಿಯಾದಲ್ಲಿರುವ ಮಗಳ ಮನೆಗೆ ಹೋಗಿದ್ದೆ. ಅಲ್ಲಿ ಪೀಚ್ ಕಾಬ್ಲರ್ ತಿಂದೆ, ಅಂದರೆ ಪೀಚ್ ಹಣ್ಣು, ಹಿಟ್ಟು ಸೇರಿಸಿ ಒವನ್‌ನಲ್ಲಿ ಬೇಯಿಸುವ ಸಿಹಿತಿಂಡಿ. ತುಂಬಾ ಹಿಡಿಸಿತು. ಮೈಸೂರಿಗೆ ಬಂದು ಅವಳು ಹೇಳಿದ ಅಳತೆಯಲ್ಲೇ ಮಾಡಿದೆ: ಒಂದು ಕಪ್ ಮೈದಾ, ಒಂದು ಕಪ್ ಸಕ್ಕರೆ, ಒಂದು ಕಪ್ ಹಾಲು, ಕರಗಿಸಿದ ಬೆಣ್ಣೆ. ಹಣ್ಣು ಹಾಕಿದ ಮೇಲೆ ಚೆನ್ನಾಗಿ ಹೊಂದಿಕೊಳ್ಳಲಿ ಅಂತ ಒಂದು ಸಲ ಕಲಕಿದೆ. 40 ನಿಮಿಷ ಬಿಟ್ಟು ನೋಡಿದರೆ ಹಿಟ್ಟು ಮೇಲೇಳದೆ ತಳದಲ್ಲಿ ಅಂಟಂಟಾಗಿ ಕೂತಿತ್ತು. ಮೊಟ್ಟೆ ಹಾಕದೆ ಹೀಗಾಯ್ತಾ? (ಓದುಗರು, ಮೈಸೂರು)

ಉತ್ತರ: ಮೊಟ್ಟೆಯದೇನೂ ತಪ್ಪಿಲ್ಲ. ನೀವು ತಿಂದ ಬಗೆಯ ಕಾಬ್ಲರ್‌ಗೆ ಮೊಟ್ಟೆ ಬೇಡವೇ ಬೇಡ. ತಪ್ಪಿದ್ದು ಹಿಟ್ಟಿನಲ್ಲಿ. ಅಮೆರಿಕದ ದಕ್ಷಿಣದ ಮನೆಗಳಲ್ಲಿ ‘ಸೆಲ್ಫ್ ರೈಸಿಂಗ್’ ಹಿಟ್ಟು ಅಂತ ಒಂದು ಇರುತ್ತದೆ. ಅದರಲ್ಲಿ ಬೇಕಿಂಗ್ ಪೌಡರ್, ಉಪ್ಪು ಮೊದಲೇ ಸೇರಿಸಿರುತ್ತಾರೆ. ಅಲ್ಲಿಯವರಿಗೆ ಅದು ಸುಮ್ನೆ ‘ಹಿಟ್ಟು’, ಅಷ್ಟೇ. ನಿಮ್ಮ ಮಗಳೂ ಹಾಗೇ ಹೇಳಿರಬೇಕು. ನಮ್ಮ ಮೈದಾ ಬರೀ ಮೈದಾ. ಒಂದು ಕಪ್ ಮೈದಾಗೆ ಒಂದೂವರೆ ಟೀ ಚಮಚ ಬೇಕಿಂಗ್ ಪೌಡರ್, ಕಾಲು ಟೀ ಚಮಚ ಉಪ್ಪು ಹಾಕಿ ಜರಡಿ ಹಿಡಿಯಿರಿ. ಅಡುಗೆ ಸೋಡಾ ಹಾಕಬೇಡಿ, ಅದು ಬೇರೆ.

ಎರಡನೆಯದು, ನೀವು ಕಲಕಿದ್ದು. ನಾನು ಜಾರ್ಜಿಯಾಕ್ಕೆ ಬಂದು 22 ವರ್ಷ ಆಯ್ತು. ಕಾಬ್ಲರ್ ಕಲಿಸಿದ್ದು ಪಕ್ಕದ ಮನೆಯ ಅಜ್ಜಿ. ಮೊದಲ ದಿನ ನಾನೂ ಚಮಚ ಎತ್ತಿಕೊಂಡೆ. ಅಜ್ಜಿ ನನ್ನ ಮಣಿಕಟ್ಟು ಹಿಡಿದು, ಚಮಚ ಕಿತ್ತುಕೊಂಡು ಸಿಂಕಿನಲ್ಲಿ ಹಾಕಿದರು. ‘ಇನ್ನು ಅದನ್ನ ಅದರ ಪಾಡಿಗೆ ಬಿಡು’ ಅಂದರು.

ಯಾಕೆ ಅಂತ ಒವನ್ ಗಾಜಿನ ಮುಂದೆ ಕೂತು ನೋಡಿದಾಗ ಗೊತ್ತಾಯಿತು. ಅವರ ಹತ್ತಿರ ಎರಕದ ಕಬ್ಬಿಣದ ಬಾಣಲೆ ಇತ್ತು, ನಮ್ಮ ಅಮ್ಮನ ದೋಸೆ ಕಾವಲಿಯಷ್ಟೇ ಪಳಗಿದ್ದು. ಅದರಲ್ಲಿ ಬೆಣ್ಣೆ ಹಾಕಿ ಒವನ್ ಒಳಗೇ ಕರಗಿಸುತ್ತಿದ್ದರು. ನೊರೆ ಬಂದು, ಅಂಚು ಸ್ವಲ್ಪ ಕೆಂಪಾಗುವಾಗ ಹಿಟ್ಟು ಸುರಿಯುತ್ತಿದ್ದರು. ದೋಸೆ ಹುಯ್ದ ಹಾಗೆ ‘ಚುಂಯ್’ ಅನ್ನುತ್ತಿತ್ತು. ಬೆಣ್ಣೆ ಪಕ್ಕಕ್ಕೆ ಸರಿದು ಸುತ್ತಲೂ ನಿಲ್ಲುತ್ತಿತ್ತು. ಮೇಲೆ ಹಣ್ಣು, ರಸದ ಸಮೇತ. ಹಣ್ಣು ಭಾರ, ಮುಳುಗುತ್ತದೆ. ಹಿಟ್ಟು ಉಬ್ಬುತ್ತಾ ಹಗುರಾಗಿ ಹಣ್ಣಿನ ಸಂದಿಯಿಂದ ಮೇಲೆ ಬರುತ್ತದೆ. ಅಂಚಿನ ಹಿಟ್ಟು ಬೆಣ್ಣೆಯಲ್ಲಿ ಕರಿದಂತಾಗಿ ಗರಿಗರಿಯಾಗುತ್ತದೆ. ಕಲಕಿದರೆ ಹಣ್ಣಿನ ರಸ, ಬೆಣ್ಣೆ, ಹಿಟ್ಟು ಎಲ್ಲ ಒಂದಾಗಿ ಗೋಂದು. ನಿಮಗೆ ಸಿಕ್ಕಿದ್ದು ಅದೇ.

ನನ್ನ ಅಳತೆ ಹೀಗೆ. ಮಧ್ಯಮ ಗಾತ್ರದ 6 ಪೀಚ್. ತಳದಲ್ಲಿ ಚಾಕುವಿನಿಂದ ಗೀಟು ಹಾಕಿ, ಕುದಿಯುವ ನೀರಿನಲ್ಲಿ ಅರ್ಧ ನಿಮಿಷ ಬಿಟ್ಟು ತಣ್ಣೀರಿಗೆ ಹಾಕಿದರೆ ಟೊಮೆಟೊ ಹಾಗೆ ಸಿಪ್ಪೆ ಬರುತ್ತದೆ. ಹೋಳು ಮಾಡಿ ಅರ್ಧ ಕಪ್ ಸಕ್ಕರೆ, ಒಂದು ಚಮಚ ನಿಂಬೆರಸ, ಚೂರು ಜಾಯಿಕಾಯಿ ಪುಡಿ ಬೆರೆಸಿ ಅರ್ಧ ಗಂಟೆ ಇಡಿ. ಹಿಟ್ಟಿಗೆ ಒಂದು ಕಪ್ ಸಕ್ಕರೆ ಜಾಸ್ತಿಯಾಯ್ತು, ಮುಕ್ಕಾಲು ಸಾಕು. ಹಾಲು ಒಂದು ಕಪ್. ಬೆಣ್ಣೆ ಇಲ್ಲಿ 113 ಗ್ರಾಂ ಹಾಕುತ್ತಾರೆ, ನಿಮ್ಮ ಅಂಗಡಿಯ 100 ಗ್ರಾಂ ಪ್ಯಾಕೆಟ್ ಸಾಕು. ಅದು ಉಪ್ಪು ಬೆಣ್ಣೆಯಾದರೆ ಹಿಟ್ಟಿಗೆ ಬೇರೆ ಉಪ್ಪು ಬೇಡ. ಪಾತ್ರೆ ಎರಡು ಲೀಟರ್ ಹಿಡಿಯುವಷ್ಟಿರಲಿ, ಇಲ್ಲದಿದ್ದರೆ ಉಕ್ಕುತ್ತದೆ. 180 ಡಿಗ್ರಿಯಲ್ಲಿ 45ರಿಂದ 50 ನಿಮಿಷ.

ಗಡಿಯಾರಕ್ಕಿಂತ ಗುಳ್ಳೆ ನಂಬಿ. ಮೊದಲು ಅಂಚಿನಲ್ಲಿ ತೆಳು ಗುಳ್ಳೆ ಬೇಗ ಬೇಗ ಒಡೆಯುತ್ತವೆ. ಆಗ ತೆಗೆಯಬೇಡಿ. ನಡುಮಧ್ಯದಲ್ಲೂ ರಸ ಬೆಲ್ಲದ ಪಾಕದ ಹಾಗೆ ದಪ್ಪಗೆ, ನಿಧಾನವಾಗಿ ಕುದಿಯಬೇಕು. ಮೇಲೆ ಕೆಂಪಾಗಿ ನಡು ಇನ್ನೂ ಹಸಿ ಇದ್ದರೆ ಅಲ್ಯುಮಿನಿಯಂ ಹಾಳೆ ಸಡಿಲವಾಗಿ ಮುಚ್ಚಿ ಹತ್ತು ನಿಮಿಷ ಬಿಡಿ. ಹೊರಗೆ ತೆಗೆದ ಮೇಲೂ ಅರ್ಧ ಗಂಟೆ ಕಾಯಬೇಕು. ಬಿಸಿಬಿಸಿ ಬಡಿಸಿದರೆ ರಸ ನೀರಾಗಿ ಹರಿಯುತ್ತದೆ.

ಪ್ರಶ್ನೆ: ನಾವು ಜಾರ್ಜಿಯಾದ ಅಟ್ಲಾಂಟಾಕ್ಕೆ ಹೊಸಬರು. ಪೀಚ್ ನಾಡು ಅಂತಾರೆ, ಆದರೆ ತಂದ ಹಣ್ಣು ಹಿಟ್ಟು ಹಿಟ್ಟಾಗಿ, ರುಚಿಯೇ ಇಲ್ಲ. (ಓದುಗರು, ಅಟ್ಲಾಂಟಾ)

ಉತ್ತರ: ತಂದ ತಕ್ಷಣ ಫ್ರಿಜ್‌ಗೆ ಇಟ್ಟಿರಾ? ಗಟ್ಟಿ ಪೀಚ್ ಫ್ರಿಜ್ ಚಳಿಗೆ ಸಿಕ್ಕರೆ ಒಳಗೆ ಹಿಟ್ಟಾಗುತ್ತದೆ. ಮೇಜಿನ ಮೇಲೆ ಒಂದಕ್ಕೊಂದು ತಾಗದ ಹಾಗೆ ಇಡಿ. ತೊಟ್ಟಿನ ಹತ್ತಿರ ಮೆತ್ತಗಾದ ಮೇಲೆ ಬೇಕಾದರೆ ಫ್ರಿಜ್. ಕೊಳ್ಳುವಾಗ ಕೆಂಪು ನೋಡಿ ಮೋಸ ಹೋಗಬೇಡಿ, ಅದು ತಳಿಯ ಬಣ್ಣ. ತೊಟ್ಟಿನ ಸುತ್ತ ಹಸಿರು ಹೋಗಿ ಹಳದಿ ಬಂದಿರಬೇಕು. ಮೂಗಿನ ಹತ್ತಿರ ಹಿಡಿದರೆ ಘಮ್ ಅನ್ನಬೇಕು. ಕಿತ್ತ ಮೇಲೆ ಹಣ್ಣು ಮೆತ್ತಗಾಗುತ್ತದೆ, ಆದರೆ ಸಿಹಿ ಏರುವುದಿಲ್ಲ.

ಒಂದು ಶನಿವಾರ ದಕ್ಷಿಣಕ್ಕೆ ಸುಮಾರು 100 ಮೈಲಿ ಹೋಗಿ, ಫೋರ್ಟ್ ವ್ಯಾಲಿ ಸಿಗುತ್ತದೆ. 1924ರಲ್ಲಿ ಆದ ಆ ಜಿಲ್ಲೆಯ ಹೆಸರೇ ಪೀಚ್ ಕೌಂಟಿ. ಅದರ ಹತ್ತಿರದ ಮಾರ್ಷಲ್‌ವಿಲ್‌ನಲ್ಲೇ 1870ರ ದಶಕದಲ್ಲಿ ಸ್ಯಾಮ್ಯುಯೆಲ್ ರಂಫ್ ಎಂಬ ರೈತ ಎಲ್ಬರ್ಟಾ ತಳಿ ಬೆಳೆಸಿ ಹೆಂಡತಿಯ ಹೆಸರಿಟ್ಟರು. ಜಾರ್ಜಿಯಾ ಪೀಚ್ ರೈಲು ಹತ್ತಿ ನ್ಯೂಯಾರ್ಕ್ ಕಡೆ ಹೋಗಿ ಹೆಸರು ಮಾಡಿದ್ದು ಆ ಕಾಲದಲ್ಲಿ. ಈಗಲೂ ಫೋರ್ಟ್ ವ್ಯಾಲಿಯಲ್ಲಿ ಜೂನ್‌ನ ಪೀಚ್ ಹಬ್ಬಕ್ಕೆ ಬಂದವರಿಗೆಲ್ಲ ಹಂಚುವಷ್ಟು ದೊಡ್ಡ ಕಾಬ್ಲರ್ ಬೇಯಿಸುತ್ತಾರೆ. ಮೇ ತಿಂಗಳ ಹಣ್ಣಿನ ಬೀಜ ತಿರುಳಿಗೆ ಅಂಟಿರುತ್ತದೆ, ಹೋಳು ಮಾಡುವುದು ಕಷ್ಟ. ಜೂನ್ ಕೊನೆಯಿಂದ ಬೀಜ ಸಲೀಸಾಗಿ ಬಿಡುವ ಹಣ್ಣು ಬರುತ್ತದೆ. ಕಾಬ್ಲರ್‌ಗೆ ನಾನು ಕಾಯುವುದು ಅದಕ್ಕೇ.

ಪ್ರಶ್ನೆ: ನಮ್ಮೂರಲ್ಲಿ ತಾಜಾ ಪೀಚ್ ಸಿಗುವುದಿಲ್ಲ. ಡಬ್ಬಿಯದು ಆಗುತ್ತಾ? (ಓದುಗರು, ದಾವಣಗೆರೆ)

ಉತ್ತರ: ಆಗುತ್ತದೆ, ಇಲ್ಲಿ ಚಳಿಗಾಲದಲ್ಲಿ ಎಷ್ಟೋ ಮನೆಯಲ್ಲಿ ಅದೇ. ಪಾಕ ಪೂರ್ತಿ ಬಸಿದು, ಎರಡೇ ಚಮಚ ಉಳಿಸಿಕೊಳ್ಳಿ. ಹಣ್ಣಿಗೆ ಸಕ್ಕರೆ ಬೇಡ, ನಿಂಬೆರಸ ಮಾತ್ರ ಬಿಡಬೇಡಿ. ಉಳಿದರೆ ಮಾರನೇ ದಿನ ಒವನ್‌ನಲ್ಲೇ ಬಿಸಿ ಮಾಡಿ, ಮೈಕ್ರೋವೇವ್‌ನಲ್ಲಿ ಆ ಗರಿಗರಿ ಅಂಚು ಮೆತ್ತಗಾಗುತ್ತದೆ. ಪಕ್ಕದಲ್ಲಿ ಒಂದು ಸೌಟು ವೆನಿಲಾ ಐಸ್‌ಕ್ರೀಮ್ ಇರಲಿ.