ಅಪ್ಪನ ಎಟಿಎಂ ಕಾರ್ಡು ಯಾರ ಕೈಯಲ್ಲಿರಬೇಕು?

(ಕುಟುಂಬದವರ ಒಪ್ಪಿಗೆ ಪಡೆದು ಬರೆದ ಪ್ರಕರಣ. ಗುರುತು ಸಿಗದಂತೆ ವಯಸ್ಸು, ಮೊತ್ತ, ಕೆಲವು ವಿವರಗಳನ್ನು ಬದಲಿಸಿದ್ದೇನೆ.)

"ಅಪ್ಪನ ಎಟಿಎಂ ಕಾರ್ಡು ನನ್ನ ಪರ್ಸಿನಲ್ಲಿದೆ ಮೇಡಂ. ಅದಕ್ಕೇ ಮೂರು ವಾರದಿಂದ ಅವರು ನನ್ನ ಹತ್ರ ಮಾತು ಬಿಟ್ಟಿದ್ದಾರೆ."

ಜುಲೈ ತಿಂಗಳ ಜಡಿಮಳೆಯಲ್ಲಿ ಕುಶಾಲನಗರದ ನನ್ನ ಸಲಹಾ ಕೋಣೆಗೆ ಬಂದ ಹುಡುಗಿ ಕೂರುವ ಮೊದಲೇ ಹೇಳಿದ ಮಾತಿದು. ವಯಸ್ಸು 27, ಮೈಸೂರಿನ ಆಸ್ಪತ್ರೆಯೊಂದರಲ್ಲಿ ನರ್ಸ್. ಮಳೆಗೆ ನೆನೆಯದಂತೆ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ತಂದಿದ್ದ ರೆಕ್ಸಿನ್ ಚೀಲವನ್ನು ಮೇಜಿನ ಮೇಲೆ ಸುರಿದಳು. ಪಾಸ್‌ಬುಕ್ಕುಗಳು, ಸೊಸೈಟಿ ಸಾಲದ ನೋಟೀಸು, ಅಮ್ಮನ ಸರ ಅಡವಿಟ್ಟ ರಸೀದಿ, ಕಾಫಿ ವ್ಯಾಪಾರಿಯ ಬಿಲ್ಲುಗಳು, ನಡುನಡುವೆ ಮನೋವೈದ್ಯರ ಚೀಟಿಗಳು.

ಅಪ್ಪನಿಗೆ 54. ಒಂದು ಕಾಫಿ ತೋಟದಲ್ಲಿ 19 ವರ್ಷ ರೈಟರಾಗಿದ್ದವರು. ಬೆಳಗ್ಗೆ ಹಾಜರಿ ಹಿಡಿದು, ಕೆಲಸ ಹಂಚಿ, ವಾರದ ಕೊನೆಗೆ ಬಟವಾಡೆ ಮಾಡುತ್ತಿದ್ದರು. ಲೈನ್ ಮನೆಗಳ ಅಷ್ಟೂ ಜನರ ಕೂಲಿಯನ್ನು ಪೈಸೆ ತಪ್ಪದೆ ಲೆಕ್ಕ ಹಾಕಿ ಕೊಟ್ಟ ಮನುಷ್ಯನ ಕೈಯಿಂದ ಅವರದೇ ಕಾರ್ಡು ಹೋಗಿತ್ತು. ಆ ಮನೆಯ ಮೌನ ನನಗೆ ಅರ್ಥವಾದದ್ದು ಇದು ತಿಳಿದ ಮೇಲೆಯೇ.

ಅವರಿಗಿರುವುದು ಬೈಪೋಲಾರ್, ಅಂದರೆ ಮನಸ್ಸು ಕೆಲವು ಕಾಲ ಅತಿ ಉತ್ಸಾಹಕ್ಕೆ ಏರಿ ಕೆಲವು ಕಾಲ ಖಿನ್ನತೆಗೆ ಇಳಿಯುವ ಕಾಯಿಲೆ. ಮನೆಯಲ್ಲಿ ಅದರ ಎರಡು ಮುಖಗಳಿಗೆ ಅವರದೇ ಹೆಸರುಗಳಿವೆ: 'ಜೋರು' ಮತ್ತು 'ಮಂಕು'. ಎರಡನೆಯ ಸಲ ಜೋರು ಬಂದಾಗ ತೋಟದ ಕೆಲಸ ಹೋಯಿತು. ಉಳಿದದ್ದು ಮನೆಯ ಸುತ್ತಲಿನ ಒಂದೂವರೆ ಎಕರೆ ರೋಬಸ್ಟಾ, ಮರಗಳಿಗೆ ಹಬ್ಬಿಸಿದ ಒಳ್ಳೆಮೆಣಸು. ಎರಡರ ದುಡ್ಡೂ ವರ್ಷಕ್ಕೊಮ್ಮೆ, ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಇಡಿಯಾಗಿ ಬರುತ್ತದೆ. ಸಂಬಳದ ಮನೆಗೂ ಬೆಳೆಯ ಮನೆಗೂ ಇರುವ ಈ ವ್ಯತ್ಯಾಸವನ್ನು ನಗರದ ಪುಸ್ತಕಗಳ ಸಲಹೆ ಗಮನಿಸುವುದಿಲ್ಲ. ಇಡೀ ವರ್ಷದ ಅನ್ನ ಒಂದೇ ದಿನ ಖಾತೆಗೆ ಬಿದ್ದಾಗ ಜೋರೂ ಇದ್ದರೆ ಏನಾಗುತ್ತದೆ ಎಂಬುದನ್ನು ಈ ಮನೆಯವರು 11 ದಿನದಲ್ಲಿ ನೋಡಿದ್ದರು. ಹಳೆಯ ಜೀಪೊಂದಕ್ಕೆ ಮುಂಗಡ, ಪರಿಚಯವೇ ಇಲ್ಲದವರಿಗೆ ಕೈಸಾಲ, ದೇವಸ್ಥಾನಕ್ಕೆ ದೊಡ್ಡ ದೇಣಿಗೆ. ಸಾಲದ್ದಕ್ಕೆ ಮುಂದಿನ ವರ್ಷದ ಬೆಳೆಯ ಮೇಲೆ ವ್ಯಾಪಾರಿಯಿಂದ ಅಡ್ವಾನ್ಸು.

ಜೀಪನ್ನು ಊರೆಲ್ಲ ನೋಡಿತು. ಆದರೆ ಬಿಲ್ಲುಗಳನ್ನು ದಿನಾಂಕದ ಪ್ರಕಾರ ಜೋಡಿಸುತ್ತ ಹೋದಾಗ ಇನ್ನೊಂದು ನಷ್ಟ ಕಣ್ಣಿಗೆ ಬಿತ್ತು. ಜೋರು ಇಳಿದು ಮಂಕು ಕವಿದ ನಾಲ್ಕು ತಿಂಗಳು ಅಪ್ಪ ಗೋಡೆಗೆ ಮುಖ ಮಾಡಿ ಮಲಗಿದ್ದರು. ಆಗಲೇ ಸೊಸೈಟಿಯ ಬೆಳೆ ಸಾಲದ ಗಡುವು ದಾಟಿತ್ತು. ಗಡುವಿನೊಳಗೆ ಕಟ್ಟಿದರೆ ಬಡ್ಡಿ ಇಲ್ಲದ ಸಾಲ ಅದು. ದಾಟಿದರೆ ಬಡ್ಡಿ ಬೀಳುತ್ತದೆ. ಚಿನ್ನದ ಸಾಲದ ಬಡ್ಡಿಯೂ ಹಾಗೆಯೇ ಬೆಳೆದಿತ್ತು. ಮಂಕಿನಲ್ಲಿ ಹೋಗುವ ದುಡ್ಡು ಸದ್ದು ಮಾಡುವುದಿಲ್ಲ, ಹಾಗಾಗಿ ಮನೆಯವರು ಜೋರಿಗೆ ಮಾತ್ರ ಬೇಲಿ ಹಾಕುತ್ತಾರೆ.

ಮಗಳು ಮಾಡಿದ್ದೂ ಅದನ್ನೇ. ಕಾರ್ಡು ತೆಗೆದುಕೊಂಡಳು, ಫೋನಿನ ಯುಪಿಐ ಪಿನ್ ಬದಲಿಸಿದಳು, ಅಪ್ಪನನ್ನು ಕೇಳದೆ ಜೀಪು ಮಾರಿಸಿದಳು. ತನ್ನ ₹24,000 ಸಂಬಳದಲ್ಲಿ ₹14,000 ಊರಿಗೆ ಕಳಿಸುತ್ತಿದ್ದಳು. ಇಷ್ಟಾಗಿ ಅಪ್ಪ ಮಾತು ಬಿಟ್ಟರು, ಆಮೇಲೆ ಮಾತ್ರೆಯನ್ನೂ ಬಿಟ್ಟರು.

ಮೊದಲು ನಾನು ಕೇಳಿದ್ದು ದುಡ್ಡಿನ ವಿಷಯವನ್ನಲ್ಲ. "ಸಾಲದ ಮಾತು ಬಂದಾಗ ಅಪ್ಪ ಯಾವತ್ತಾದರೂ 'ನಾನಿಲ್ಲದಿದ್ದರೆ ನಿಮಗೆ ಹಗುರ' ಅಂದಿದ್ದಾರಾ?" ಅವಳು ಅತ್ತಳು. ಒಮ್ಮೆ ಅಂದಿದ್ದರಂತೆ. ತೋಟದ ಔಷಧಿಗಳನ್ನು ಮನೆಯಿಂದ ಆಚೆ ಇಡಿಸಿ, ಒಬ್ಬರಾದರೂ ಅವರ ಜೊತೆಗಿರುವಂತೆ ಮಾಡಿ, ಅದೇ ವಾರ ವೈದ್ಯರಿಗೆ ತೋರಿಸಲು ಹೇಳಿದೆ. ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುತ್ತಾರೆ. ರಾತ್ರಿ ಹೊತ್ತಿನಲ್ಲಿ ದಿಕ್ಕು ತೋಚದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ. ಆ ನಂಬರನ್ನು ಅಮ್ಮನ ಫೋನಿನಲ್ಲೂ ಹಾಕಿಕೊಡು ಎಂದೆ.

ಆಮೇಲೆ ಅವಳು ಬಹಳ ದಿನದಿಂದ ಮನಸ್ಸಿನಲ್ಲಿಟ್ಟುಕೊಂಡಿದ್ದ ಪ್ರಶ್ನೆ ಬಂತು. "ಅಪ್ಪನ ಸಹಿ ನಡೆಯೋದಿಲ್ಲ ಅಂತ ಕೋರ್ಟಿನಲ್ಲಿ ಬರೆಸಿಬಿಡಿ ಅಂತ ಚಿಕ್ಕಪ್ಪ ಹೇಳ್ತಾರೆ. ಆಗುತ್ತಾ ಮೇಡಂ?"

ಈ ಪ್ರಶ್ನೆಯೊಂದಿಗೆ ಬರುವ ಮನೆಗಳು ಬಹಳ ಇರುವುದರಿಂದ ಇಲ್ಲಿ ಸ್ವಲ್ಪ ವಿವರವಾಗಿ ಬರೆಯುತ್ತೇನೆ. 1872ರ ಕರಾರು ಕಾಯ್ದೆಯ 12ನೇ ಕಲಮಿನಲ್ಲೇ ಒಂದು ಮಾತಿದೆ: ಸಾಮಾನ್ಯವಾಗಿ ಚಿತ್ತ ಸ್ಥಿಮಿತದಲ್ಲಿಲ್ಲದವರೂ ಸ್ಥಿಮಿತವಿರುವ ಹೊತ್ತಿನಲ್ಲಿ ಕರಾರು ಮಾಡಿಕೊಳ್ಳಬಹುದು. ಅಂದರೆ ಕಾಯಿಲೆಯ ಹೆಸರು ಬಂದ ಮಾತ್ರಕ್ಕೆ ಅಪ್ಪನ ಸಹಿ ಸಾಯುವುದಿಲ್ಲ. ಬೈಪೋಲಾರ್ ಇರುವ ಅನೇಕರು ಜೋರು, ಮಂಕುಗಳ ನಡುವಿನ ದಿನಗಳಲ್ಲಿ ನಮ್ಮ ನಿಮ್ಮಂತೆಯೇ ಇರುತ್ತಾರೆ. ಚಿಕ್ಕಪ್ಪ ಹೇಳಿದ ಇನ್ನೊಂದು ದಾರಿ ಜಿಪಿಎ, ಅಂದರೆ ಅಪ್ಪನ ಪರವಾಗಿ ವ್ಯವಹರಿಸುವ ಅಧಿಕಾರಪತ್ರ ಬರೆಸಿಕೊಳ್ಳುವುದು. ಬರೆದುಕೊಟ್ಟವರ ಚಿತ್ತಸ್ಥಿಮಿತ ತಪ್ಪಿದರೆ ಅದರ ಅಧಿಕಾರವೂ ಮುಗಿಯುತ್ತದೆ, ಹಾಗಾಗಿ ಬೇಕಾದ ಹೊತ್ತಿಗೇ ಅದು ಕೈಕೊಡುತ್ತದೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ನಾಮನಿರ್ದೇಶಿತ ಪ್ರತಿನಿಧಿಯನ್ನು ನೇಮಿಸಿಕೊಳ್ಳಬಹುದು, ಆದರೆ ಅದು ಚಿಕಿತ್ಸೆಯ ವಿಷಯಕ್ಕೆ. ಆ ಕಾಗದ ಹಿಡಿದು ಬ್ಯಾಂಕಿಗೆ ಹೋದರೆ ಪ್ರಯೋಜನವಿಲ್ಲ. ತೀರಾ ಅನಿವಾರ್ಯವಾದರೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಸೀಮಿತ ಪಾಲಕತ್ವ ಇದೆ. ಅಲ್ಲೂ ಪಾಲಕರು ಆ ವ್ಯಕ್ತಿಯ ಜೊತೆ ಕೂತು ತೀರ್ಮಾನಿಸಬೇಕೇ ಹೊರತು ಅವರನ್ನು ಬದಿಗೆ ಸರಿಸಿ ಅಲ್ಲ. ಈ ಮನೆಗೆ ಇದು ಯಾವುದೂ ಬೇಕಾಗಿರಲಿಲ್ಲ. ಬೇಕಾಗಿದ್ದದ್ದು ಅಪ್ಪ ಚೆನ್ನಾಗಿರುವ ಒಂದು ಮಧ್ಯಾಹ್ನ.

ಆ ಮಧ್ಯಾಹ್ನ ಬರಲು ಏಳು ವಾರ ಬೇಕಾಯಿತು. ಮಾತ್ರೆ ಮತ್ತೆ ಶುರುವಾಗಿತ್ತು. ಅವರು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದು, ಕಿಟಕಿಯಾಚೆಯ ಮಳೆ ನೋಡುತ್ತ ಕೂತರು. ನಾನು ಕಾಯಿಲೆಯ ಮಾತೆತ್ತಲಿಲ್ಲ. "ಆಳುಗಳಿಗೆ ಕೊಟ್ಟ ಅಡ್ವಾನ್ಸನ್ನು ಬಟವಾಡೆಯಲ್ಲಿ ಹೇಗೆ ಹಿಡೀತಿದ್ರಿ?" ಎಂದು ಕೇಳಿದೆ. ಅವರು ತಿರುಗಿ ನೋಡಿದರು. "ಒಂದೇ ಸಲ ಹಿಡಿಯೋ ಹಾಗಿಲ್ಲ ಮೇಡಂ. ಹಿಡಿದ್ರೆ ಅವರ ಮನೇಲಿ ಗಂಜಿ ಬೇಯೋದಿಲ್ಲ. ವಾರ ವಾರ ಇಷ್ಟಿಷ್ಟು." ಅವರ ಮನೆಯ ಯೋಜನೆ ಈ ಮಾತಿನಿಂದಲೇ ಹುಟ್ಟಿತು. ಪೆನ್ನು ಕೊಟ್ಟೆ, ಪೂರ್ತಿ ಅವರ ಅಕ್ಷರದಲ್ಲೇ ಬರೆದೆವು.

ಕಾಫಿ, ಮೆಣಸಿನ ದುಡ್ಡು ಅಪ್ಪ ಅಮ್ಮ ಇಬ್ಬರೂ ಸಹಿ ಹಾಕಿದರೆ ಮಾತ್ರ ತೆಗೆಯಬಹುದಾದ ಜಂಟಿ ಖಾತೆಗೆ ಹೋಗಬೇಕು. ಅದಕ್ಕೆ ಕಾರ್ಡೂ ಇಲ್ಲ, ಯುಪಿಐಯೂ ಇಲ್ಲ. ಜಂಟಿ ಖಾತೆ ತೆರೆಯುವಾಗ 'ಇಬ್ಬರಲ್ಲಿ ಯಾರಾದರೂ' ಎಂಬುದಕ್ಕೆ ಗುರುತು ಹಾಕಿದರೆ ಇಡೀ ಏರ್ಪಾಡೇ ವ್ಯರ್ಥ ಎಂದು ಎರಡೆರಡು ಸಲ ಹೇಳಿದೆ. ಅಲ್ಲಿಂದ ಪ್ರತಿ ತಿಂಗಳು 1ನೇ ತಾರೀಕು ₹6,000 ಅಪ್ಪನ ಸ್ವಂತ ಖಾತೆಗೆ. ಆ ಖಾತೆಯ ಕಾರ್ಡು, ಪಿನ್, ಫೋನು ಅವರವೇ. ಆ ₹6,000ಕ್ಕೆ ಯಾರೂ ಲೆಕ್ಕ ಕೇಳಬಾರದು. ಮಗಳಿಗೆ ಒಪ್ಪಲು ಕಷ್ಟವಾದದ್ದು ಈ ಕೊನೆಯ ಮಾತೇ. "ಬೀಡಿಗೆ ಹಾಕಿದ್ರೆ?" ಅಂದಳು. ಹಾಕಲಿ ಎಂದೆ. ದುಡಿಯಲಾರದ ಮನುಷ್ಯನಿಗೂ ತನ್ನದೆನ್ನುವ ನಾಲ್ಕು ಕಾಸು ಬೇಕು.

ಜೋರು ಬರುವ ಮುನ್ಸೂಚನೆಗಳನ್ನು ಅಪ್ಪನೇ ಹೇಳಿದರು. ನಿದ್ದೆ ಹೋಗುತ್ತದೆ, ಬೆಳಗಿನ ಜಾವ ನಾಲ್ಕಕ್ಕೆ ಹಳೆಯ ಸ್ನೇಹಿತರಿಗೆ ಫೋನು ಮಾಡಬೇಕೆನಿಸುತ್ತದೆ, ಗಾಡಿ ಕೊಳ್ಳುವ ಯೋಚನೆ ಬರುತ್ತದೆ. ಎರಡು ರಾತ್ರಿ ನಿದ್ದೆ ಇಲ್ಲದಿದ್ದರೆ ಕಾರ್ಡು ಹೆಂಡತಿಯ ಕೈಗೆ, ವೈದ್ಯರನ್ನು ನೋಡಿ ಬಂದ ಮೇಲೆ ವಾಪಸ್ಸು. ಮಂಕಿಗೂ ಒಂದು ಸಾಲು ಬರೆದರು: ಸೊಸೈಟಿ, ಚಿನ್ನ, ಕರೆಂಟು ಬಿಲ್ಲಿನ ಗಡುವುಗಳು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಕೆಂಪು ಶಾಯಿಯಲ್ಲಿರಬೇಕು, ತಾನು ಏಳದಿದ್ದರೆ ಮಗ ಹೋಗಿ ಕಟ್ಟಬೇಕು. ಈ ಕಾಯಿಲೆಯ ಮಾತ್ರೆಯಾದ ಲಿಥಿಯಂ ತೆಗೆದುಕೊಳ್ಳುವುದರಿಂದ ಆಗಾಗ ಮಾಡಿಸಬೇಕಾದ ರಕ್ತ ಪರೀಕ್ಷೆಯ ಖರ್ಚನ್ನೂ ಸೇರಿಸಿದರು. ಅದು ನನಗೇ ಹೊಳೆದಿರಲಿಲ್ಲ. ವ್ಯಾಪಾರಿಯ ಹತ್ತಿರ ತಾವೇ ಹೋಗಿ, ಇನ್ನು ಮುಂದೆ ಹೆಂಡತಿ ಜೊತೆಗಿಲ್ಲದೆ ಬಂದರೆ ಅಡ್ವಾನ್ಸು ಕೊಡಬೇಡಿ ಎಂದು ಹೇಳಿಬಂದರು. ಆ ಅಂಗಡಿಯ ಮೆಟ್ಟಿಲು ಹತ್ತುವುದು ಅವರಿಗೆ ಎಷ್ಟು ಭಾರವಾಗಿತ್ತೆಂದು ನಾನು ಊಹಿಸಬಲ್ಲೆ.

ಅಮ್ಮನ ಗೃಹಲಕ್ಷ್ಮಿಯ ₹2,000 ಈ ಲೆಕ್ಕಕ್ಕೆ ಸೇರುವುದು ಬೇಡ ಎಂದು ನಾನೇ ಹಟ ಹಿಡಿದೆ. ಇಷ್ಟು ವರ್ಷ ಅಕ್ಕಿ ಡ್ರಮ್ಮಿನಲ್ಲಿ ದುಡ್ಡು ಬಚ್ಚಿಟ್ಟು ಮನೆ ನಡೆಸಿದ ಹೆಂಗಸಿಗೂ ತನ್ನದು ಅಂತ ಒಂದಿರಲಿ.

ಚೀಲದ ತಳದಲ್ಲಿ ಇನ್ನೊಂದು ಕಾಗದ ಸಿಕ್ಕಿತು, ತೋಟದಲ್ಲಿ ಅಪ್ಪನ ಕೊನೆಯ ತಿಂಗಳ ಸಂಬಳದ ಚೀಟಿ. ಮೂಲ ವೇತನ ಮತ್ತು ತುಟ್ಟಿಭತ್ಯೆ ಸೇರಿ ₹18,200. ಗ್ರಾಚ್ಯುಟಿ ಬಂತಾ ಎಂದರೆ ಯಾರಿಗೂ ಗೊತ್ತಿರಲಿಲ್ಲ. 1972ರ ಗ್ರಾಚ್ಯುಟಿ ಕಾಯ್ದೆ ತೋಟಗಳಿಗೂ ಅನ್ವಯಿಸುತ್ತಿತ್ತು: ತಿಂಗಳ ಸಂಬಳವನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ಸೇವೆಯ ವರ್ಷಗಳಿಂದ ಗುಣಿಸಬೇಕು. ಅಪ್ಪ ಬಾಯಲ್ಲೇ ಲೆಕ್ಕ ಹಾಕಿದರು. "ವರ್ಷಕ್ಕೆ 10,500. ಒಟ್ಟು ಒಂದು ಲಕ್ಷ ತೊಂಬತ್ತೊಂಬತ್ತೂವರೆ ಸಾವಿರ." ಬೇರೆಯವರಿಗೆ ಇದೇ ಲೆಕ್ಕ ಮಾಡಿಕೊಟ್ಟಿದ್ದರಂತೆ, ತನಗಾಗಿ ಕೇಳಲು ನಾಚಿಕೆ. "ಹುಚ್ಚು ಹಿಡಿದು ಕೆಲಸ ಬಿಟ್ಟವನಿಗೆ ಯಾರು ಕೊಡ್ತಾರೆ?" 19 ವರ್ಷ ದುಡಿದದ್ದಕ್ಕೆ ಬರುವ ಹಣ ಅದು, ದಾನವಲ್ಲ ಎಂದೆ. ಅರ್ಜಿ ಬರೆದರು, ನಾಲ್ಕು ತಿಂಗಳಲ್ಲಿ ಬಂತು, ಅಮ್ಮನ ಸರ ಬಿಡಿಸಿದರು. ಪಿಎಫ್ ಪಿಂಚಣಿಗೆ ಅವಸರ ಬೇಡ ಎಂದಿದ್ದೇನೆ. 10 ವರ್ಷದ ಸೇವೆ ಇದ್ದವರು 50 ದಾಟಿದ ಮೇಲೆ ಕೇಳಬಹುದು, ಆದರೆ 58ಕ್ಕಿಂತ ಮುಂಚಿನ ಪ್ರತಿ ವರ್ಷಕ್ಕೆ 4% ಕಡಿತ, ಅದೂ ಬದುಕಿರುವಷ್ಟು ಕಾಲ.

ನಾನು ಗಟ್ಟಿ ದನಿಯಲ್ಲಿ ಮಾತಾಡಿದ್ದು ಮಗಳ ಜೊತೆ. ₹14,000 ಕಳಿಸುವುದು ನಿಲ್ಲಬೇಕು, ₹5,000 ಸಾಕು. ಅಪ್ಪನ ಯಾವ ಸಾಲಕ್ಕೂ ಜಾಮೀನು ನಿಲ್ಲಬೇಡ, ಹಳೆಯ ಸಾಲ ತೀರಿಸಲು ನಿನ್ನ ಹೆಸರಿನಲ್ಲಿ ಹೊಸ ಸಾಲ ಎತ್ತಬೇಡ. ಅವಳು, "ಹಾಗಾದ್ರೆ ನಾನು ಮಗಳಾಗಿ ಏನು ಮಾಡಿದ ಹಾಗಾಯ್ತು?" ಎಂದಳು. ನಾನು ಉತ್ತರಿಸುವ ಮೊದಲೇ ಪಕ್ಕದಲ್ಲಿದ್ದ ಅಪ್ಪ, ಅವಳ ಕಡೆ ನೋಡದೆ, "ಭಾನುವಾರ ಫೋನು ಮಾಡು ಮಗಳೇ. ಸಾಕು" ಎಂದರು. ಅಷ್ಟು ದಿನಗಳಲ್ಲಿ ಅವಳಿಗೆ ಅವರು ಆಡಿದ ಮೊದಲ ಮಾತು ಅದು.

ಮುಂದಿನ ಫೆಬ್ರವರಿಯಲ್ಲಿ ಮತ್ತೆ ನಿದ್ದೆ ಹೋಯಿತು. ಈ ಸಲ ಅವರು ಕಾರ್ಡು ಕೊಡಲಿಲ್ಲ. ಖಾತೆಯಲ್ಲಿದ್ದ ₹6,000 ಒಂದೇ ದಿನದಲ್ಲಿ ಯಾರಿಗೋ ಕೈಸಾಲ ಹೋಯಿತು. ಬೆಳೆಯ ದುಡ್ಡು ಉಳಿಯಿತು. ಮೂರನೆಯ ದಿನ ತಾವೇ ಬಸ್ಸು ಹತ್ತಿ ಆಸ್ಪತ್ರೆಗೆ ಹೋಗಿದ್ದರು.

ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿಗೆ ಮಾತ್ರ ಇನ್ನೂ ಅರ್ಜಿ ಹಾಕಿಲ್ಲ. 2016ರ ಕಾಯ್ದೆ ಗುರುತಿಸಿದ 21 ವೈಕಲ್ಯಗಳಲ್ಲಿ ಮಾನಸಿಕ ಕಾಯಿಲೆಯೂ ಒಂದು. 40% ಅಥವಾ ಹೆಚ್ಚು ಎಂದು ವೈದ್ಯರು ಪ್ರಮಾಣಪತ್ರ ಕೊಟ್ಟರೆ ನಾಡಕಚೇರಿಯಲ್ಲಿ ಮಾಸಾಶನಕ್ಕೆ ಅರ್ಜಿ ಹಾಕಬಹುದು. ಅಪ್ಪನನ್ನು ತಡೆದಿರುವುದು 'ಅಂಗವಿಕಲ' ಎಂಬ ಮಾತು. ಹಿಂದಿನ ಸಲ ಬಂದಾಗ, ಆ ಕಾರ್ಡಿನ ಮೇಲೆ ಏನೇನು ಬರೆದಿರುತ್ತದೆ ಎಂದು ಕೇಳಿದರು. ಹೇಳಿದೆ. ಅರ್ಜಿಯನ್ನು ಒಮ್ಮೆ ಪೂರ್ತಿ ಓದಿ, ನಾಲ್ಕಾಗಿ ಮಡಚಿ ಜೇಬಿಗಿಟ್ಟುಕೊಂಡು, "ಪುತ್ತರಿ ಹಬ್ಬ ಕಳೀಲಿ, ನೋಡುವ" ಎಂದರು. ನಾನು ಒತ್ತಾಯಿಸಲಿಲ್ಲ.